ಚಿನ್ನದ ಕಣ ಕೋಶದ ಒಳಗೋ, ಮೇಲೋ?

ಹಾಸನದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಬೋಧಿಸುತ್ತಲೇ ಪಿಎಚ್‌.ಡಿ. ಸಂಶೋಧನೆಗಾಗಿ ಚಿನ್ನದ ನ್ಯಾನೊ ಕಣಗಳನ್ನು ತಯಾರಿಸಲು ಹೊರಟ ನಾನು, 1951ರಲ್ಲಿ ಟರ್ಕೆವಿಚ್ ಮತ್ತು ಸಂಗಡಿಗರು ವಿವರಿಸಿದ ಸಿಟ್ರೇಟ್ ವಿಧಾನವನ್ನು ಆರಿಸಿಕೊಂಡೆ. ಕುದಿಯುತ್ತಿರುವ ಚಿನ್ನದ ಲವಣದ ದ್ರಾವಣಕ್ಕೆ ಸೋಡಿಯಂ ಸಿಟ್ರೇಟ್ ಸುರಿದಾಗ ತಿಳಿಹಳದಿ ಮಾಯವಾಗಿ, ಸ್ವಲ್ಪ ಹೊತ್ತು ಕಪ್ಪಿಟ್ಟು, ಕೆಲವೇ ನಿಮಿಷಗಳಲ್ಲಿ ಮಾಗಿದ ಕಾಫಿ ಹಣ್ಣಿನ ಕೆಂಪು ಮೂಡುತ್ತದೆ. ಆ ಕೆಂಪು ಉಳಿದಿರುವವರೆಗೆ, ಸುಮಾರು 15ರಿಂದ 20 ನ್ಯಾನೊಮೀಟರ್ ಗಾತ್ರದ ಕಣಗಳು ಬಿಡಿಬಿಡಿಯಾಗಿವೆ ಎಂದೇ ಅರ್ಥ.

ಕೋಶಗಳನ್ನು ಬೆಳೆಸುವ ವ್ಯವಸ್ಥೆ ನಮ್ಮಲ್ಲಿರಲಿಲ್ಲವಾದ್ದರಿಂದ ಸೀಸೆಗಳನ್ನು ಬೆಂಗಳೂರಿನ ಪ್ರಯೋಗಾಲಯವೊಂದಕ್ಕೆ ಒಯ್ದು, ಗರ್ಭಕಂಠದ ಕ್ಯಾನ್ಸರಿನಿಂದ ಬಂದ ಹೀಲಾ ಕೋಶಗಳಿದ್ದ, ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) ಬೆರೆಸದ ಪೋಷಕ ದ್ರವಕ್ಕೆ ಹಾಕಿದೆ. ಕೆಂಪು ನೇರಳೆಗೆ ತಿರುಗಿದ್ದು ಕಣ್ಣಿಗೆ ಬಿದ್ದರೂ ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. ಮರುದಿನ ಕೋಶಗಳ ತುಂಬ ಕಪ್ಪು ಚುಕ್ಕೆಗಳನ್ನು ಕಂಡು, ಕಣಗಳು ಒಳಹೊಕ್ಕಿವೆ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದೆ.

"ಒಳಗೆ ಹೋಗಿವೆ ಅಂತ ಹೇಗೆ ಹೇಳ್ತೀರಿ ಮೇಡಂ, ಮೇಲೆ ಕೂತಿರಬಹುದಲ್ಲ?" ಎಂದು ಅಲ್ಲಿನ ಹಿರಿಯ ತಂತ್ರಜ್ಞರು ಕೇಳಿದರು. ತೊಳೆದು ನೋಡಿದರೆ ಹೆಚ್ಚಿನ ಚುಕ್ಕೆಗಳು ನೀರಿನೊಂದಿಗೇ ಹೋದವು. ಕಣಗಳನ್ನು ಪರಸ್ಪರ ದೂರವಿಟ್ಟಿದ್ದ ಸಿಟ್ರೇಟಿನ ಋಣ ವಿದ್ಯುದಂಶವನ್ನು ಪೋಷಕ ದ್ರವದ ಲವಣಗಳು ಮರೆಮಾಡಿದ್ದರಿಂದ, ಅವು ಗುಂಪುಗೂಡಿ ಕೋಶಗಳ ಮೇಲೆ ತಳಕಚ್ಚಿದ್ದವು.

ಇಂಥ ಕಣಗಳಿಗೆ ಔಷಧ ಜೋಡಿಸಿ ಕೋಶದೊಳಕ್ಕೆ ಕಳಿಸುವ ಚಿಕಿತ್ಸೆಯ ದೃಷ್ಟಿಯಿಂದ ಒಳಗೆ–ಮೇಲೆ ಎಂಬ ಈ ಅಂತರ ಬಹಳ ದೊಡ್ಡದು. ಕೋಶವು ಕಣವನ್ನು ತನ್ನ ಪೊರೆಯಲ್ಲಿ ಸುತ್ತಿ ನುಂಗಿದಾಗ ಅದು ಕೊನೆಗೆ ಲೈಸೋಸೋಮ್ ಎಂಬ ಚೀಲವನ್ನು ಸೇರುತ್ತದೆ. ರಕ್ತದ ಪಿಎಚ್ (ಈ ಅಂಕಿ ಇಳಿದಷ್ಟೂ ಆಮ್ಲೀಯತೆ ಹೆಚ್ಚು) 7.4 ಆದರೆ ಅಲ್ಲಿನದು ಸುಮಾರು 4.5ರಿಂದ 5. ಆಮ್ಲದಲ್ಲಿ ಮಾತ್ರ ಕಡಿಯುವ ಬಂಧದಿಂದ ಔಷಧವನ್ನು ಕಣಕ್ಕೆ ಜೋಡಿಸಿದ್ದರೆ, ಅದು ಬಿಡುಗಡೆಯಾಗುವುದು ಅಲ್ಲಿಯೇ.

ಎರಡನೆಯ ಸಲ ಕಣಗಳಿಗೆ ಮೊದಲೇ ಸೀರಂ ಬೆರೆಸಿದೆ. ಅದರ ಪ್ರೋಟೀನುಗಳು ಪ್ರತಿ ಕಣಕ್ಕೂ ಹೊದಿಕೆಯಾದ್ದರಿಂದ ಪೋಷಕ ದ್ರವದಲ್ಲಿಯೂ ಕೆಂಪು ಕೆಡಲಿಲ್ಲ. ಕೋಶಕ್ಕೆ ಎದುರಾಗುವುದು ನಾನು ತಯಾರಿಸಿದ ಬರಿಯ ಚಿನ್ನವಲ್ಲ, ಈ ಹೊದಿಕೆ ಎಂಬುದು ನನಗೆ ಮನದಟ್ಟಾದದ್ದು ಆಗಲೇ. ಒಂದು ತಟ್ಟೆಯನ್ನು 37 ಡಿಗ್ರಿಯಲ್ಲಿ, ಇನ್ನೊಂದನ್ನು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆ ಇಟ್ಟೆ. ಆ ಚಳಿಯಲ್ಲಿ ಕೋಶಗಳು ನುಂಗುವುದನ್ನು ಬಹುಮಟ್ಟಿಗೆ ನಿಲ್ಲಿಸುತ್ತವೆ, ಆದರೆ ಕಣಗಳು ಮೇಲ್ಮೈಗೆ ಅಂಟಿಕೊಳ್ಳುವುದು ನಿಲ್ಲುವುದಿಲ್ಲ. ಮೂರು ಸಲ ತೊಳೆದು, ಕಪ್ಪು ಹಿನ್ನೆಲೆಯಲ್ಲಿ ಕಣಗಳು ಹೊಳೆಯುವಂತೆ ತೋರಿಸುವ ಡಾರ್ಕ್‌ಫೀಲ್ಡ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ತಣ್ಣನೆಯ ತಟ್ಟೆಯ ಕೋಶಗಳ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಮಿನುಗು ಮಾತ್ರವಿತ್ತು. ಬೆಚ್ಚನೆಯ ತಟ್ಟೆಯಲ್ಲಿ ಕಿತ್ತಳೆ ಬಣ್ಣದ ಚುಕ್ಕೆಗಳು ಕೋಶಕೇಂದ್ರದ ಸುತ್ತ ಒತ್ತೊತ್ತಾಗಿ ನೆರೆದಿದ್ದವು. ಹಳೆಯ ಟಿಪ್ಪಣಿಯನ್ನು ಅಳಿಸದೆ, ಅದರ ಕೆಳಗೆ ದಿನಾಂಕ ಹಾಕಿ, "ತೊಳೆಯದೆ ನೋಡಿದ್ದು" ಎಂದು ಬರೆದೆ.