ಸೆಲ್ಫ್ ತಿರುಗಿದರೂ ಸ್ಟಾರ್ಟ್ ಆಗದ ಡೀಸೆಲ್ ಜನರೇಟರ್: ದೋಷ ಹುಡುಕುವ ಮತ್ತು ಸರಿಪಡಿಸುವ ಕ್ರಮ

ಅಪಾರ್ಟ್‌ಮೆಂಟ್, ಕಲ್ಯಾಣಮಂಟಪ, ಅಕ್ಕಿ ಗಿರಣಿಗಳಲ್ಲಿ ವಾರಗಟ್ಟಲೆ ಸುಮ್ಮನೆ ನಿಂತಿರುವ ಜನರೇಟರ್, ಕರೆಂಟ್ ಹೋದಾಗಲೇ ಕೈಕೊಡುವುದು ಹೊಸತೇನಲ್ಲ. ಆಗ ಮೊದಲು ಅನುಮಾನಕ್ಕೆ ಒಳಗಾಗುವುದು ಡೀಸೆಲ್ಲನ್ನು ಒತ್ತಡದಿಂದ ಸಿಲಿಂಡರಿಗೆ ಕಳುಹಿಸುವ ಇಂಜೆಕ್ಷನ್ ಪಂಪ್. ಆದರೆ ಸೊರಗಿದ ಬ್ಯಾಟರಿ, ಡೀಸೆಲ್ ಲೈನಿನಲ್ಲಿ ಸೇರಿಕೊಂಡ ಗಾಳಿ, ತಳದಲ್ಲಿ ನಿಂತ ನೀರು, ಇವುಗಳನ್ನು ತಳ್ಳಿಹಾಕುವ ಮೊದಲೇ ಪಂಪ್ ಬಿಚ್ಚುವುದು ಹಣ ಮತ್ತು ಸಮಯ ಎರಡಕ್ಕೂ ನಷ್ಟ.

ಕೆಲಸ ಆರಂಭಿಸುವ ಮುನ್ನ ಪ್ಯಾನೆಲ್‌ನ ಸೆಲೆಕ್ಟರ್ ಸ್ವಿಚ್ಚನ್ನು ಆಟೋದಿಂದ ಆಫ್‌ಗೆ ತಿರುಗಿಸಿ, ಬ್ಯಾಟರಿಯ ನೆಗೆಟಿವ್ ವೈರನ್ನು ಬಿಡಿಸಬೇಕು. ಆಟೋದಲ್ಲಿರುವ ಯಂತ್ರವು ಮೇನ್ಸ್ ಹೋದ ಕ್ಷಣದಲ್ಲಿ, ನಿಮ್ಮ ಕೈ ಫ್ಯಾನ್ ಬೆಲ್ಟಿನ ಬಳಿ ಇದ್ದರೂ, ತಾನಾಗಿಯೇ ತಿರುಗತೊಡಗುತ್ತದೆ. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ.

ಪೂರ್ಣ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ನೆಗೆಟಿವ್ ವೈರ್ ಮತ್ತೆ ಜೋಡಿಸಿ ಸೆಲ್ಫ್ ಹೊಡೆಯುವಾಗ ಅದು 9 ವೋಲ್ಟ್‌ಗಿಂತ ಕೆಳಗಿಳಿದರೆ ಬ್ಯಾಟರಿಯೇ ಸೊರಗಿದೆ ಎಂದು ತಿಳಿಯಬೇಕು. ವೋಲ್ಟೇಜ್ ಸರಿಯಿದ್ದೂ ಸೆಲ್ಫ್ ನಿಧಾನವಾಗಿ ತಿರುಗಿದರೆ ಟರ್ಮಿನಲ್‌ಗಳ ಬಿಳಿ ಪುಡಿಯನ್ನು ಸ್ವಚ್ಛಗೊಳಿಸಿ, ಎಂಜಿನ್ ಬಾಡಿಗೆ ಹೋಗುವ ಅರ್ತ್ ವೈರನ್ನು ಬಿಗಿಗೊಳಿಸಬೇಕು. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯದೆ, ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಬೇಕು.

ಸೆಲ್ಫ್ ಚೆನ್ನಾಗಿ ತಿರುಗಿಯೂ ಸೈಲೆನ್ಸರ್‌ನಲ್ಲಿ ಹೊಗೆಯೇ ಕಾಣದಿದ್ದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿಲ್ಲ. ಮೊದಲು, ಡೀಸೆಲ್ ಹರಿವನ್ನು ವಿದ್ಯುತ್ತಿನಿಂದ ತಡೆಯುವ ಅಥವಾ ಬಿಡುವ ಸ್ಟಾಪ್ ಸಾಲಿನಾಯ್ಡ್ ಕೆಲಸ ಮಾಡುತ್ತಿದೆಯೇ ನೋಡಿರಿ. ಇಷ್ಟು ಚಿಕ್ಕ ಭಾಗ ಇಡೀ ಎಂಜಿನ್ನನ್ನು ನಿಲ್ಲಿಸಬಲ್ಲದು. ನಂತರ ವಾಟರ್ ಸೆಪರೇಟರ್‌ನ ಕೆಳಗಿನ ತಿರುಪು ಸಡಿಲಿಸಿ ನೀರು ಹೊರಬಿಟ್ಟು, ಫಿಲ್ಟರ್ ಹಳತಾಗಿದ್ದರೆ ಬದಲಿಸಬೇಕು. ಫಿಲ್ಟರ್ ಬದಲಿಸಿದಾಗ ಅಥವಾ ಟ್ಯಾಂಕ್ ಪೂರ್ತಿ ಬರಿದಾದಾಗ ಲೈನಿನಲ್ಲಿ ಗಾಳಿ ಸೇರುತ್ತದೆ. ಅದನ್ನು ತೆಗೆಯಲು ಫಿಲ್ಟರ್ ತಲೆಯ ಬ್ಲೀಡ್ ಸ್ಕ್ರೂ ಸಡಿಲಿಸಿ, ಕೈಪಂಪನ್ನು ಒತ್ತುತ್ತ, ನೊರೆಯೊಂದಿಗೆ ಬರುವ ಡೀಸೆಲ್ ಗುಳ್ಳೆಯಿಲ್ಲದ ಧಾರೆಯಾಗುವವರೆಗೆ ಕಾದು, ಧಾರೆ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು. ಇಂಜೆಕ್ಷನ್ ಪಂಪಿನ ಬ್ಲೀಡ್ ಸ್ಕ್ರೂನಲ್ಲಿಯೂ ಇದನ್ನೇ ಮಾಡಬೇಕು. ಇಷ್ಟಾದರೂ ಸ್ಟಾರ್ಟ್ ಆಗದಿದ್ದರೆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಝಲ್‌ಗಳ ಕಡೆಯ ಪೈಪ್ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಸಿ, ಡೀಸೆಲ್ ಜಿನುಗಿದ ಮೇಲೆ ಬಿಗಿಯಿರಿ. ಆಗ ಕೈ, ಮುಖ ದೂರವಿರಲಿ; ಈ ಒತ್ತಡದ ಡೀಸೆಲ್ ಚರ್ಮವನ್ನು ಸೀಳಿ ಒಳಹೋಗಬಲ್ಲದು. ಎಲ್ಲ ನಾಝಲ್‌ಗಳಿಗೂ ಒಂದೇ ಅಧಿಕ ಒತ್ತಡದ ಕೊಳವೆಯಿಂದ ಡೀಸೆಲ್ ಹೋಗುವ ಹೈ ಪ್ರೆಶರ್ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಈ ಕೊನೆಯ ಹಂತವನ್ನು ಮಾಡಲೇಬಾರದು. ಗಾಳಿ ತೆಗೆದ ಮೇಲೂ ಪದೇಪದೇ ಏರ್ ಹಿಡಿದರೆ ಟ್ಯಾಂಕಿನಿಂದ, ಡೀಸೆಲ್ ಎಳೆದುಕೊಳ್ಳುವ ಫೀಡ್ ಪಂಪಿನವರೆಗಿನ ಪೈಪ್‌ನಲ್ಲಿ ಬಿರುಕನ್ನೋ ಸವೆದ ವಾಷರನ್ನೋ ಹುಡುಕಬೇಕು.

ಎಂಜಿನ್ ಓಡುತ್ತಿರುವಾಗ ಕಾಣುವ ಹೊಗೆ ಕೂಡ ಸುಳಿವು ಕೊಡುತ್ತದೆ. ಕಪ್ಪು ಹೊಗೆಗೆ ಏರ್ ಫಿಲ್ಟರ್ ಮುಚ್ಚಿರುವುದು ಅಥವಾ ಓವರ್‌ಲೋಡ್ ಕಾರಣವಿರಬಹುದು. ನೀಲಿಯೆಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ನಂತರವೂ ನಿಲ್ಲದ ಬಿಳಿ ಹೊಗೆ, ನಾಝಲ್, ಕಂಪ್ರೆಷನ್ ಅಥವಾ ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಕೇಳುತ್ತದೆ. ನಾಝಲ್ ಪರೀಕ್ಷೆ ಮತ್ತು ಪಂಪ್ ಕ್ಯಾಲಿಬ್ರೇಷನ್ ಮನೆಯ ಕೆಲಸವಲ್ಲ, ಅದಕ್ಕೆ ಟೆಸ್ಟ್ ಬೆಂಚ್ ಇರುವ ಅಂಗಡಿಯೇ ಬೇಕು.

ಎಂಜಿನ್ ಸರಿಯಾಗಿ ಓಡಿಯೂ ವೋಲ್ಟೇಜ್ ಬಾರದಿರುವುದು ಬೇರೆಯೇ ದೋಷ. ಬ್ರೇಕರ್ ಟ್ರಿಪ್ ಆಗಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ವೇಗ ನೋಡಿರಿ: ನಾಲ್ಕು ಪೋಲಿನ (ಕಾಂತಧ್ರುವದ) ಆಲ್ಟರ್ನೇಟರ್, ಅಂದರೆ ಕರೆಂಟ್ ಹುಟ್ಟಿಸುವ ಭಾಗ, 50 ಹರ್ಟ್ಜ್ ಕೊಡಲು ನಿಮಿಷಕ್ಕೆ 1500 ಸುತ್ತು ತಿರುಗಲೇಬೇಕು, ವೇಗ ತೀರಾ ಇಳಿದರೆ ಎವಿಆರ್ (ವೋಲ್ಟೇಜನ್ನು ಹಿಡಿತದಲ್ಲಿಡುವ ಸಾಧನ) ವೋಲ್ಟೇಜನ್ನು ತಾನೇ ತಗ್ಗಿಸುತ್ತದೆ. ವೇಗ ಸರಿಯಿದ್ದು ಔಟ್‌ಪುಟ್ ಹೆಚ್ಚುಕಡಿಮೆ ಸೊನ್ನೆಯಾಗಿದ್ದರೆ, ಬಹಳ ದಿನ ನಿಂತ ಯಂತ್ರದಲ್ಲಿ ಕರೆಂಟ್ ಹುಟ್ಟಲು ಬೇಕಾದ ಉಳಿಕೆ ಕಾಂತತ್ವ ಅಳಿದಿರುವ ಸಾಧ್ಯತೆಯಿದೆ. ಎಂಜಿನ್ ನಿಲ್ಲಿಸಿ, ಆ ಕಾಂತತ್ವ ಮೂಡಿಸುವ ಸುರುಳಿಯಾದ ಎಕ್ಸೈಟರ್ ಫೀಲ್ಡಿನ ಎರಡೂ ವೈರ್‌ಗಳನ್ನು ಎವಿಆರ್‌ನಿಂದ ಬಿಡಿಸಿ, ಪಾಸಿಟಿವ್‌ಗೆ ಪಾಸಿಟಿವ್ ಇರುವಂತೆ 12 ವೋಲ್ಟ್ ಬ್ಯಾಟರಿಯನ್ನು ಒಂದೆರಡು ಸೆಕೆಂಡ್ ಮುಟ್ಟಿಸಿ, ವೈರ್‌ಗಳನ್ನು ಮೊದಲಿನಂತೆ ಜೋಡಿಸಿ ಓಡಿಸಬೇಕು. ವೋಲ್ಟೇಜ್ ಏರದಿದ್ದರೆ ಎವಿಆರ್ ಅಥವಾ ಆಲ್ಟರ್ನೇಟರಿನೊಳಗೆ ತಿರುಗುವ ಡಯೋಡ್‌ಗಳನ್ನು ಶಂಕಿಸಬೇಕು. ಡಯೋಡ್ ಒಳ್ಳೆಯದಾಗಿದ್ದರೆ, ಬಿಡಿಸಿ ಪರೀಕ್ಷಿಸಿದಾಗ ಮಲ್ಟಿಮೀಟರ್‌ನಲ್ಲಿ ಒಂದೇ ದಿಕ್ಕಿನಲ್ಲಿ ದಾರಿ ತೋರಿಸುತ್ತದೆ.

ದುರಸ್ತಿಯ ನಂತರ ಲೋಡ್ ಹಾಕದೆ ಓಡಿಸಿ ತೃಪ್ತಿಪಡುವ ಅಭ್ಯಾಸ ನನಗೆ ಸರಿಕಾಣುವುದಿಲ್ಲ. ಸಾಮರ್ಥ್ಯದ ಶೇ. 30ಕ್ಕಿಂತ ಕಡಿಮೆ ಲೋಡಿನಲ್ಲಿ ಬಹುಕಾಲ ಓಡುವ ಎಂಜಿನ್‌ನಲ್ಲಿ ಡೀಸೆಲ್ ಪೂರ್ತಿ ಉರಿಯದೆ ಸೈಲೆನ್ಸರ್‌ನಲ್ಲಿ ಕಪ್ಪು ಜಿಡ್ಡು ಕಟ್ಟುತ್ತದೆ. ಆದ್ದರಿಂದ ನಿಜವಾದ ಲೋಡ್ ಹಾಕಿ ಅರ್ಧ ಗಂಟೆ ಓಡಿಸಿ, ಆಯಿಲ್ ಪ್ರೆಶರ್, ಉಷ್ಣತೆ ಮತ್ತು ಪ್ರತಿ ಫೇಸಿನ ಆಂಪಿಯರ್ ಬರೆದಿಟ್ಟುಕೊಂಡ ಮೇಲೆಯೇ ಸೆಲೆಕ್ಟರನ್ನು ಆಟೋಗೆ ಮರಳಿಸಬೇಕು.