ಹಾಲಿ ಶಾಸಕರ ಕುರ್ಚಿ ಅಲ್ಲಾಡುವಾಗ ಎಣಿಕೆ ಟೇಬಲ್‌ನಲ್ಲಿ ಕೂರುವುದು ಹೇಗೆ

ಎಣಿಕೆ ಏಜೆಂಟ್ ಆಗಿ, ಅಂದರೆ ಮತ ಎಣಿಸುವಾಗ ಅಭ್ಯರ್ಥಿಯ ಪರವಾಗಿ ಕೂತು ನೋಡುವವರಾಗಿ, ನಿಮ್ಮ ಹೆಸರು ಕೊಟ್ಟಿದ್ದಾರೆ ಅಂತಾದರೆ ಮೊದಲು ಟಿವಿಯ ‘ಮುನ್ನಡೆ’ ಮರೆತುಬಿಡಿ. ನಿಮ್ಮ ಕೆಲಸ ಒಂದು ಟೇಬಲ್, ಆ ಟೇಬಲ್‌ಗೆ ಬರುವ ಹದಿನಾಲ್ಕೋ ಹದಿನೈದೋ ಮಿಷಿನ್, ಅಷ್ಟೇ. ಮೂವತ್ತು ಸಾವಿರದಲ್ಲಿ ಗೆಲ್ಲುವ ಕಡೆ ಯಾರು ಕೂತರೂ ನಡೆಯುತ್ತದೆ. ಹಾಲಿ ಶಾಸಕರೇ ಬೆವರುತ್ತಿರುವ ಕ್ಷೇತ್ರದಲ್ಲಿ ಹಾಗಲ್ಲ.

ನಮ್ಮ ಕಾರ್ಕಳವನ್ನೇ ನೋಡಿ. 2018ರಲ್ಲಿ ಸುನಿಲ್ ಕುಮಾರ್ ಗೆದ್ದದ್ದು 42,566 ಮತಗಳ ಅಂತರದಲ್ಲಿ. 2023ಕ್ಕೆ ಅವರು ಸಚಿವರೂ ಆಗಿದ್ದರು. ಆದರೂ ಅಂತರ 4,602ಕ್ಕೆ ಇಳಿಯಿತು. ಅವರಿಗೆ 77,028, ಎದುರಾಳಿ ಉದಯ ಕುಮಾರ್ ಶೆಟ್ಟಿ ಅವರಿಗೆ 72,426. ಪಕ್ಷೇತರರಾಗಿ ನಿಂತ ಪ್ರಮೋದ್ ಮುತಾಲಿಕ್ 4,508 ತೆಗೆದುಕೊಂಡರು. ಒಂದು ಕ್ಷೇತ್ರಕ್ಕೆ ಸುಮಾರು 200 ಬೂತ್ ಅಂತ ಹಿಡಿಯಿರಿ. 4,602 ಅಂದರೆ ಬೂತ್‌ಗೆ 23 ಮತ. ಒಬ್ಬ ಈ ಕಡೆಯಿಂದ ಆ ಕಡೆ ಹೋದರೆ ಲೆಕ್ಕದಲ್ಲಿ ಎರಡು ಮತದ ವ್ಯತ್ಯಾಸ ಅಲ್ವಾ? ಹಾಗಾಗಿ ಬೂತ್‌ಗೆ ಹನ್ನೆರಡು ಜನ ಮನಸ್ಸು ಬದಲಿಸಿದ್ದರೆ ಕಥೆಯೇ ಬೇರೆ. ಹನ್ನೆರಡು ಜನ ಅಂದರೆ ಎರಡು ಮನೆಯವರು, ಮಾರಾಯ್ರೆ.

ಇದಕ್ಕಿಂತ ಸಣ್ಣ ಅಂತರ ಬೇಕಿದ್ದರೆ ತಲಪಾಡಿ ದಾಟಿ. ಕೇರಳದ ಮಂಜೇಶ್ವರದಲ್ಲಿ 2016ರಲ್ಲಿ ಹಾಲಿ ಶಾಸಕ ಅಬ್ದುಲ್ ರಝಾಕ್ ಉಳಿದುಕೊಂಡದ್ದು 89 ಮತಗಳಲ್ಲಿ. ಸೋತವರು ಕೆ. ಸುರೇಂದ್ರನ್. ಅದೇ ಚುನಾವಣೆಯಲ್ಲಿ ಕೆ. ಸುಂದರ ಅಂತ ಇನ್ನೊಬ್ಬ ಅಭ್ಯರ್ಥಿ ಇದ್ದರು, ಅವರಿಗೂ ನೂರಾರು ಮತ ಬಿತ್ತು. ಹೆಸರು ಹೋಲುವ ಅಭ್ಯರ್ಥಿ ಇದ್ದರೆ ಅವರ ಸಾಲನ್ನೂ ಬರೆದುಕೊಳ್ಳಬೇಕು ಎಂದು ನಾನು ಹೇಳುವುದು ಇದಕ್ಕೇ.

ಈಗ ತಯಾರಿ. ಕಳೆದ ಚುನಾವಣೆಯ ನಮೂನೆ 20 ತೆಗೆಯಿರಿ. ಪ್ರತಿ ಬೂತ್‌ನಲ್ಲಿ ಯಾರಿಗೆ ಎಷ್ಟು ಬಿತ್ತು ಅಂತ ಅದರಲ್ಲಿ ಇರುತ್ತದೆ, ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟ್‌ನಲ್ಲಿ ಪಿಡಿಎಫ್ ಸಿಗುತ್ತದೆ. ಬೂತ್ ನಂಬರ್ ಒಂದು ಚುನಾವಣೆಯಿಂದ ಇನ್ನೊಂದಕ್ಕೆ ಬದಲಾಗುತ್ತದೆ, ಆದ್ದರಿಂದ ನಂಬರ್ ನೋಡಿ ಹೋಲಿಸಬೇಡಿ, ಶಾಲೆಯ ಹೆಸರು ನೋಡಿ ಹೋಲಿಸಿ. ಸಾಮಾನ್ಯವಾಗಿ ಒಂದು ಹಾಲ್‌ನಲ್ಲಿ 14 ಟೇಬಲ್. ಮೊದಲ ಸುತ್ತಿಗೆ ಬೂತ್ 1ರಿಂದ 14, ಎರಡನೇ ಸುತ್ತಿಗೆ 15ರಿಂದ 28, ಹೀಗೆ. ನಿಮ್ಮದು ಐದನೇ ಟೇಬಲ್ ಆದರೆ 5, 19, 33, 47 ನಿಮ್ಮ ಬೂತ್‌ಗಳು. ಇವುಗಳನ್ನು ಹಿಂದಿನ ದಿನವೇ ಒಂದು ನೋಟ್‌ಬುಕ್‌ನಲ್ಲಿ ಬರೆದು, ಪಕ್ಕದಲ್ಲಿ ಕಳೆದ ಸಲದ ಮತ ಹಾಕಿಟ್ಟುಕೊಳ್ಳಿ.

ಇದು ಯಾಕೆ ಬೇಕು ಅಂದರೆ, ಮತ ಎಣಿಸುವುದು ಊರಿನ ಸಾಲಿನಲ್ಲಿ. ಸಮುದ್ರದ ಬದಿಯ ಬೂತ್‌ಗಳು ಒಂದು ಸುತ್ತಿನಲ್ಲಿ ಬಂದರೆ ಘಟ್ಟದ ಬುಡದ್ದು ಇನ್ನೊಂದು ಸುತ್ತಿನಲ್ಲಿ ಬರುತ್ತದೆ. ಮೂರನೇ ಸುತ್ತಿನಲ್ಲಿ ಹಾಲಿ ಶಾಸಕರು ಎರಡು ಸಾವಿರ ಹಿಂದೆ ಇದ್ದಾರೆ ಎಂದ ಕೂಡಲೇ ಹೊರಗೆ ಒಂದು ಕಡೆಯವರು ಗೆದ್ದ ಖುಷಿಗೆ ಸೇಮೆಗೆ (ಶಾವಿಗೆಗೆ) ಆರ್ಡರ್ ಕೊಡುತ್ತಾರೆ, ಇನ್ನೊಂದು ಕಡೆಯವರ ಮುಖ ಸಪ್ಪಗಾಗುತ್ತದೆ. ಕಳೆದ ಸಲವೂ ಅದೇ ಊರುಗಳಲ್ಲಿ ಅವರು ಮೂರು ಸಾವಿರ ಹಿಂದೆ ಇದ್ದರು ಅಂತ ನಿಮ್ಮ ನೋಟ್‌ಬುಕ್‌ಗೆ ಮಾತ್ರ ಗೊತ್ತು. ಹಾಗಾದರೆ ಅವರು ಸೋಲುತ್ತಿಲ್ಲ, ಸುಧಾರಿಸಿದ್ದಾರೆ. ಉಲ್ಟಾ ಕೂಡ ಅಷ್ಟೇ. ಅವರ ಗಟ್ಟಿ ಬೂತ್‌ನಲ್ಲಿ 210 ಇದ್ದ ಲೀಡ್ 150 ಆಗಿದ್ದರೆ ಟಿವಿಯವರು ಮುನ್ನಡೆ ಎನ್ನುತ್ತಾರೆ, ನೀವು ಅರವತ್ತು ಹೋಯಿತು ಅಂತ ಬರೆಯಿರಿ.

ನಿಮ್ಮನ್ನು ಎಣಿಕೆ ಏಜೆಂಟ್ ಆಗಿ ನೇಮಿಸುವ ನಮೂನೆ 18 ತುಂಬಿಸಿ ಫೋಟೋ ಸಮೇತ ಎಣಿಕೆಗೆ ಮೂರು ದಿನ ಮೊದಲೇ ಕೊಡಬೇಕು. ಅದನ್ನು ಅಭ್ಯರ್ಥಿಯ ಕಡೆಯವರು ನೋಡಿಕೊಳ್ಳುತ್ತಾರೆ, ಆದರೂ ಒಮ್ಮೆ ಕೇಳಿ. ಫೋನ್ ಒಳಗೆ ಬಿಡುವುದಿಲ್ಲ. ಮೇ ತಿಂಗಳ ಸೆಕೆ ಗೊತ್ತಲ್ಲ, ಹತ್ತಿ ಅಂಗಿ ಹಾಕಿ. ಬೆಳಿಗ್ಗೆ ಆರಕ್ಕೆ ನಾಲ್ಕು ಬನ್ಸ್ ತಿಂದು ಹೊರಟರೆ ಮಧ್ಯಾಹ್ನದವರೆಗೆ ತೊಂದರೆ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದ ಕಾಗದ 17ಸಿ. ಮತದಾನ ಮುಗಿದ ಸಂಜೆ ಬೂತ್‌ನಲ್ಲಿ ಒಟ್ಟು ಎಷ್ಟು ಮತ ಬಿತ್ತು ಅಂತ ಬರೆದು ಬೂತ್ ಏಜೆಂಟರಿಗೆ ಕೊಡುವ ಪ್ರತಿ ಅದು. 2023ರಲ್ಲಿ ದಕ್ಷಿಣ ಕನ್ನಡದ ಎಂಟೂ ಕ್ಷೇತ್ರಗಳ ಎಣಿಕೆ ಸುರತ್ಕಲ್ ಎನ್‌ಐಟಿಕೆಯಲ್ಲಿ ಇತ್ತಲ್ಲ, ಆ ದಿನ ನಾನು ನನ್ನ ಬೂತ್‌ಗಳ 17ಸಿ ಪ್ರತಿಗಳನ್ನೆಲ್ಲ ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಬಿಟ್ಟು ಒಳಗೆ ಹೋಗಿದ್ದೆ. ಹೊರಗೆ ಹೋಗಿ ತರುವ ಹಾಗಿಲ್ಲ, ಫೋನ್ ಮಾಡುವ ಹಾಗೂ ಇಲ್ಲ. ಮೊದಲ ಸುತ್ತಿನಲ್ಲಿ ಪಕ್ಕದಲ್ಲಿ ಕೂತ ಎದುರು ಪಕ್ಷದ ಏಜೆಂಟರ ಕಾಗದ ಇಣುಕಿ ನೋಡಿದೆ. ಪಾಪ, ಅವರೇ ಸ್ವಲ್ಪ ಈ ಕಡೆ ತಿರುಗಿಸಿ ಇಟ್ಟರು. ಆಮೇಲೆ ಎರಡನೇ ಸುತ್ತಿನಿಂದ ನಾವಿಬ್ಬರೂ ಒಟ್ಟಿಗೇ ತಾಳೆ ನೋಡಿದೆವು.

ಟೇಬಲ್‌ನಲ್ಲಿ ಆಗುವುದು ಇಷ್ಟು. ಜಾಲರಿಯ ಆಚೆ ಸಿಬ್ಬಂದಿ ಕಂಟ್ರೋಲ್ ಯೂನಿಟ್ ತೆಗೆದು ತೋರಿಸುತ್ತಾರೆ. ಮಿಷಿನ್ ನಂಬರ್, ಸೀಲ್ ನಂಬರ್ ನಿಮ್ಮ ಕಾಗದದಲ್ಲಿ ಇರುವುದೇ ಹೌದಾ ಅಂತ ನೋಡಿ. ಆಮೇಲೆ ರಿಸಲ್ಟ್ ಬಟನ್ ಒತ್ತುತ್ತಾರೆ. ಮೊದಲು ಒಟ್ಟು ಮತ, ಬಳಿಕ ಒಬ್ಬೊಬ್ಬ ಅಭ್ಯರ್ಥಿಯ ಮತ ಒಂದರ ಹಿಂದೆ ಒಂದು ಬಂದು ಹೋಗುತ್ತದೆ, ಕಣ್ಣು ಮುಚ್ಚಿ ಬಿಡುವುದರೊಳಗೆ ನಾಲ್ಕನೆಯವನದ್ದು ಮುಗಿದಿರುತ್ತದೆ. ತಪ್ಪಿ ಹೋದರೆ ನಾಚಿಕೆ ಬೇಡ, ಇನ್ನೊಮ್ಮೆ ಒತ್ತಿ ಅನ್ನಿ, ಒತ್ತುತ್ತಾರೆ. ಎಲ್ಲ ಬರೆದ ಮೇಲೆ ನೋಟಾ ಸೇರಿಸಿ ಕೂಡಿಸಿ. ಮೊತ್ತ 17ಸಿಗೆ ಸರಿಯಾಗಬೇಕು. ಸರಿಯಾಗದೆ ವ್ಯತ್ಯಾಸ 9, 18, 27 ಹೀಗೆ ಒಂಬತ್ತರ ಮಗ್ಗಿಯಲ್ಲಿ ಬಂದರೆ ನೀವು 374 ಅನ್ನು 347 ಅಂತ ಬರೆದಿರುವ ಸಾಧ್ಯತೆ ಜಾಸ್ತಿ. ಇದು ಬ್ಯಾಂಕ್‌ನಲ್ಲಿದ್ದ ನಮ್ಮ ಮಾವ ಹೇಳಿಕೊಟ್ಟದ್ದು. ಇಷ್ಟು ಬ್ಯಾಂಕ್ ಹುಟ್ಟಿದ ಜಿಲ್ಲೆಯಲ್ಲಿ ಇಂಥ ಮಾವ ಎಲ್ಲರ ಮನೆಯಲ್ಲೂ ಇರುತ್ತಾರೆ.

ನಿಮ್ಮ ಲೆಕ್ಕ ಸರಿ ಇದ್ದು ಮಿಷಿನ್‌ನ ಒಟ್ಟು ಮತವೇ 17ಸಿಗೆ ತಾಳೆ ಆಗದಿದ್ದರೆ ಅಲ್ಲೇ ಹೇಳಿ. ಜಗಳ ಬೇಡ, ಬರೆದು ಕೊಡಿ. ಅಂಥ ಮಿಷಿನ್ ಬದಿಗಿಡುತ್ತಾರೆ, ಕೊನೆಗೆ ಗೆಲುವಿನ ಅಂತರ ಅದರಲ್ಲಿರುವ ಮತಕ್ಕಿಂತ ಕಡಿಮೆ ಬಂದರೆ ವಿವಿಪ್ಯಾಟ್ ಚೀಟಿ, ಅಂದರೆ ಮತ ಹಾಕುವಾಗ ಮಿಷಿನ್ ಪಕ್ಕದಲ್ಲಿ ಮುದ್ರಣವಾಗಿ ಪೆಟ್ಟಿಗೆಗೆ ಬಿದ್ದ ಕಾಗದ, ಎಣಿಸುತ್ತಾರೆ. ಇದಲ್ಲದೆ ಪ್ರತಿ ಕ್ಷೇತ್ರದಲ್ಲಿ ಚೀಟಿ ಎತ್ತಿ ಆರಿಸಿದ ಐದು ಬೂತ್‌ಗಳ ವಿವಿಪ್ಯಾಟ್ ಎಣಿಕೆ ಹೇಗೂ ಇದೆ. ಅಲ್ಲಿ ಮಿಷಿನ್‌ಗೂ ವಿವಿಪ್ಯಾಟ್ ಚೀಟಿಗೂ ವ್ಯತ್ಯಾಸ ಬಂದರೆ ವಿವಿಪ್ಯಾಟ್ ಚೀಟಿಯ ಲೆಕ್ಕವೇ ಖಾಯಂ.

ನನ್ನ ಪ್ರಕಾರ ನಿಮ್ಮ ಕಡೆಯ ಅತಿ ಚುರುಕಿನ ಮನುಷ್ಯ ಕೂರಬೇಕಾದದ್ದು ಮಿಷಿನ್ ಟೇಬಲ್‌ನಲ್ಲಿ ಅಲ್ಲ, ಅಂಚೆ ಮತದ ಟೇಬಲ್‌ನಲ್ಲಿ. ಮಿಷಿನ್ ಸುಮ್ನೆ ಸಂಖ್ಯೆ ತೋರಿಸುತ್ತದೆ. ಅಂಚೆ ಮತದಲ್ಲಿ ಮನುಷ್ಯರ ಕೈಬರಹ ಇದೆ, ಸಹಿ ಇದೆ, ತಪ್ಪು ಕವರ್ ಇದೆ. ಘೋಷಣೆಯ ಕಾಗದ 13ಎ ಇಲ್ಲದಿದ್ದರೆ ಅಥವಾ ಅದರಲ್ಲಿ ಸಹಿ ಇಲ್ಲದಿದ್ದರೆ ಒಳಗಿನ ಕವರ್ ಬಿಡಿಸದೆಯೇ ತಿರಸ್ಕರಿಸುತ್ತಾರೆ. ಇಬ್ಬರಿಗೆ ಗುರುತು ಹಾಕಿದ್ದರೂ ಹೋಯಿತು. ಪ್ರತಿ ತಿರಸ್ಕಾರಕ್ಕೆ ಕಾರಣ ಕೇಳಿ, ಬರೆದುಕೊಳ್ಳಿ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಹಾಲಿ ಶಾಸಕಿ ಸೌಮ್ಯಾ ರೆಡ್ಡಿ ಮೊದಲು ಮುಂದಿದ್ದರು. ಅಂಚೆ ಮತಗಳನ್ನು ಮತ್ತೆ ಪರಿಶೀಲಿಸಿದ ಮೇಲೆ ರಾತ್ರಿ ಬಹಳ ತಡವಾಗಿ ಎದುರಾಳಿ ಸಿ.ಕೆ. ರಾಮಮೂರ್ತಿ 16 ಮತಗಳಿಂದ ಗೆದ್ದರು. ತಿರಸ್ಕೃತ ಅಂಚೆ ಮತಗಳ ಸಂಖ್ಯೆಗಿಂತ ಅಂತರ ಕಡಿಮೆ ಇದ್ದರೆ ಅವನ್ನು ಮತ್ತೆ ನೋಡಲೇಬೇಕು ಎಂಬ ನಿಯಮ ಇದೆ. ಇನ್ನೊಂದು ಹೊಸದು ಸೇರಿದೆ. ಅಂಚೆ ಮತ ಎಣಿಸಿ ಮುಗಿಯದೆ ಮಿಷಿನ್‌ನ ಕೊನೆಯ ಎರಡು ಸುತ್ತಿಗೆ ಕೈ ಹಾಕಬಾರದು ಅಂತ 2025ರಲ್ಲಿ ಚುನಾವಣಾ ಆಯೋಗ ಹೇಳಿದೆ.

ಮರು ಎಣಿಕೆ ಬೇಕಿದ್ದರೆ ಸಮಯ ತೀರಾ ಕಡಿಮೆ. ಚುನಾವಣಾಧಿಕಾರಿ ಒಟ್ಟು ಲೆಕ್ಕ ಓದಿ ಒಂದಿಷ್ಟು ಹೊತ್ತು ನಿಲ್ಲುತ್ತಾರೆ, ಆಗಲೇ ಅಭ್ಯರ್ಥಿಯೋ ಅವರ ಏಜೆಂಟೋ ಲಿಖಿತವಾಗಿ ಕೇಳಬೇಕು, ಕಾರಣ ಕೊಡಬೇಕು. ‘ಅಂತರ ಕಡಿಮೆ ಇದೆ’ ಅನ್ನುವುದು ಕಾರಣ ಆಗುವುದಿಲ್ಲ. ‘ಏಳನೇ ಸುತ್ತು, ಐದನೇ ಟೇಬಲ್, ಬೂತ್ 89, ಮೊತ್ತ ತಾಳೆ ಇಲ್ಲ’ ಅನ್ನುವುದು ಕಾರಣ. ಆ ಸಾಲು ಬರುವುದು ನಿಮ್ಮ ನೋಟ್‌ಬುಕ್‌ನಿಂದಲೇ. ಖಾಲಿ ಬಿಳಿ ಹಾಳೆ ನಾಲ್ಕು ಜಾಸ್ತಿ ಇಟ್ಟುಕೊಳ್ಳಿ. ಫಲಿತಾಂಶ ಘೋಷಣೆ ಆದ ಮೇಲೆ ಉಳಿಯುವುದು ಹೈಕೋರ್ಟ್, ಅದಕ್ಕೆ 45 ದಿನ. ಸಮಸಮ ಬಂದರೆ ಚೀಟಿ ಎತ್ತುತ್ತಾರೆ. ಅದು ದೂರದ ಮಾತು ಅನ್ನಬೇಡಿ, 2004ರಲ್ಲಿ ಸಂತೇಮರಹಳ್ಳಿಯಲ್ಲಿ ಎ.ಆರ್. ಕೃಷ್ಣಮೂರ್ತಿ ಸೋತದ್ದು ಒಂದೇ ಮತದಲ್ಲಿ.

ಕೊನೆಯ ಸುತ್ತುಗಳಲ್ಲಿ ಅರ್ಧ ಕುರ್ಚಿ ಖಾಲಿ ಆಗಿರುತ್ತದೆ. ಗೆದ್ದೆವು ಅನ್ನುವವರು ಪಟಾಕಿಗೆ ಹೋಗಿರುತ್ತಾರೆ, ಸೋತೆವು ಅನ್ನುವವರು ಮನೆಗೆ. ನೀವು ಕೂತಿರಿ. ಕೊನೆಯ ಮಿಷಿನ್‌ನ ಲೆಕ್ಕ 17ಸಿಯ ಎರಡನೇ ಭಾಗದಲ್ಲಿ ಬರೆದ ಮೇಲೆ ಓದಿ ನೋಡಿ ಸಹಿ ಹಾಕಿ. ಆಮೇಲೆ ಪಕ್ಕದ ಏಜೆಂಟರ ಮೊತ್ತ ಒಮ್ಮೆ ಕೇಳಿ, ನಿಮ್ಮದಕ್ಕೆ ಸರಿ ಇದೆಯಾ ನೋಡಿಯೇ ಏಳಿ.