ಸಾವನದುರ್ಗದ ಸುತ್ತು: ಕಾಡಲ್ಲಿ ಹತ್ತಿ, ದಾರಿಯಲ್ಲಿ ಇಳಿದೆವು

ನಮ್ಮ ಮನೆ ಬೆಂಗಳೂರಿನ ಮಾಗಡಿ ರೋಡಲ್ಲಿ. ಬೆಳಗ್ಗೆ ಬೇಗ ಹೊರಟರೆ ತಾವರೆಕೆರೆ ದಾಟಿ ಒಂದೂವರೆ ಗಂಟೆಯೊಳಗೆ ಸಾವನದುರ್ಗದ ಬುಡದಲ್ಲಿ ಇರುತ್ತೇವೆ. ಕಾಲೇಜು ದಿನಗಳಿಂದ ಹತ್ತು ಹನ್ನೆರಡು ಸಲ ಹೋಗಿದ್ದೇನೆ. ಪ್ರತಿ ಸಲವೂ ಒಂದೇ ಕ್ರಮ. ಇಲ್ಲಿನ ಎರಡು ಗುಡ್ಡಗಳಲ್ಲಿ ಒಂದಾದ ಕರಿಗುಡ್ಡದ ಬಂಡೆ ಮೇಲೆ ಬರೆದಿರುವ ಬಾಣದ ಗುರುತು ಹಿಡಿದು ಹತ್ತೋದು, ತುದಿಯಲ್ಲಿ ನಂದಿ ಹತ್ತಿರ ಕೂತು ಸುಧಾರಿಸಿಕೊಳ್ಳೋದು, ಬಂದ ದಾರಿಯಲ್ಲೇ ಇಳಿಯೋದು.

ಮೇಲೆ ಕೂತಾಗ ಎಲ್ಲರೂ ಮಂಚನಬೆಲೆ ಜಲಾಶಯ ನೋಡುತ್ತಾರೆ. ನನ್ನ ಕಣ್ಣು ಮಾತ್ರ ಪಕ್ಕದ ಬಿಳಿಗುಡ್ಡದ ಕಡೆಗೆ, ಎರಡೂ ಗುಡ್ಡದ ನಡುವಿನ ಆ ಹಸಿರು ಸೀಳಿನ ಕಡೆಗೆ ಹೋಗುತ್ತಿತ್ತು. ಒಂದು ಕಡೆ ಹತ್ತಿ, ಇನ್ನೊಂದು ಕಡೆಯಿಂದ ಕಾಡಿನ ಒಳಗೆ ಸುತ್ತಿಕೊಂಡು ಮತ್ತೆ ಬುಡದ ದೇವಸ್ಥಾನಕ್ಕೆ ಬಂದು ಸೇರಬೇಕು ಅನ್ನೋ ಆಸೆ ವರ್ಷಗಳಿಂದ ಇತ್ತು. ಎರಡು ಪ್ರಯತ್ನ ಬೇಕಾಯಿತು. ಮೊದಲನೆಯದು ಡಿಸೆಂಬರ್‌ನಲ್ಲಿ, ಎರಡನೆಯದು ಜನವರಿಯಲ್ಲಿ. ಬೆಟ್ಟ ಅದೇ, ಜನ ಅದೇ, ಸುತ್ತು ಅದೇ. ಬದಲಾಗಿದ್ದು ಸುತ್ತಿದ ದಿಕ್ಕು ಒಂದೇ.

ಮೊದಲು ಅನುಮತಿ ವಿಷಯ. ಇಲ್ಲಿ ಸುತ್ತಲೂ ಇರೋದು ಅರಣ್ಯ ಇಲಾಖೆಯ ಕಾಡು. ಚಾರಣದ ಟಿಕೆಟ್ ತಗೊಂಡರೆ ಅದು ಗುರುತು ಮಾಡಿದ ದಾರಿಗೆ ಮಾತ್ರ. ಆ ದಾರಿ ಬಿಟ್ಟು ಒಳಗೆ ಕಾಲಿಡಬೇಕಾದರೆ ಇಲಾಖೆಯವರನ್ನ ಕೇಳಲೇಬೇಕು. ನಾವು ಯಾವ ಕಡೆ ಹೋಗ್ತೇವೆ, ಎಷ್ಟು ಜನ, ಎಷ್ಟು ಗಂಟೆಗೆ ಹೊರಗೆ ಬರ್ತೇವೆ ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟೆವು. ವಾಚರ್, ಅಂದರೆ ಇಲಾಖೆಯ ಕಾಡು ಕಾವಲುಗಾರ, ಒಬ್ಬರು ಜೊತೆಗಿದ್ದರೆ ಮಾತ್ರ ಹೋಗಿ ಎಂದರು. ಅದು ನಮಗೂ ಒಳ್ಳೆಯದೇ ಆಯಿತು. ಈ ಕಾರಣಕ್ಕೇ ಇಲ್ಲಿ ಯಾವ ಮರದ ಹತ್ತಿರ ಎಡಕ್ಕೆ, ಯಾವ ಬಂಡೆ ಹತ್ತಿರ ಬಲಕ್ಕೆ ಅಂತೆಲ್ಲ ಬರೆಯುತ್ತಿಲ್ಲ. ಅದನ್ನ ಓದಿಕೊಂಡು ಯಾರಾದರೂ ತಾವೇ ಹೊರಟರೆ ನನಗೆ ಸಂಕಟ.

ಡಿಸೆಂಬರ್‌ನಲ್ಲಿ ನಾವು ನಾಲ್ಕು ಜನ. ನಾನು, ಭಾವ, ಆಫೀಸಿನ ಗೆಳತಿ, ವಾಚರ್ ಅಣ್ಣ. ಯೋಚನೆ ಸುಲಭವಾಗಿತ್ತು. ಗೊತ್ತಿರುವ ದಾರಿಯಲ್ಲಿ ಕರಿಗುಡ್ಡ ಹತ್ತೋದು, ಆಮೇಲೆ ಹಿಂಬದಿಯಿಂದ ಸೀಳಿಗೆ ಇಳಿದು ಕಾಡಲ್ಲಿ ಸುತ್ತಿ ಬರೋದು. ಬೆಳಗಿನ ತಂಪಲ್ಲಿ ಹತ್ತಿಬಿಟ್ಟರೆ ಉಳಿದಿದ್ದೆಲ್ಲ ಇಳಿಜಾರು ತಾನೇ, ಸುಲಭ ಅಂದುಕೊಂಡಿದ್ದೆವು.

ತುದಿಯವರೆಗೆ ಏನೂ ತೊಂದರೆ ಆಗಲಿಲ್ಲ. ಅಲ್ಲಿಂದ ಆಚೆ ಇಳಿಯಲು ಶುರು ಮಾಡಿದ ಮೇಲೆ ಕಷ್ಟ ಕಾಣಿಸಿತು. ಸಾವನದುರ್ಗದ ಬಂಡೆ ಕವುಚಿಟ್ಟ ಬೋಗುಣಿ ಥರ. ಈರುಳ್ಳಿ ಸಿಪ್ಪೆ ಬಿಟ್ಟ ಹಾಗೆ ಪದರ ಪದರವಾಗಿ ಕಳಚಿಕೊಂಡು ಗುಂಡಗಾದ ಕಲ್ಲು. ಇಂಥ ಬಂಡೆ ಮೇಲಿಂದ ಇಳಿಯುವಾಗ ಮೊದಲು ಕಾಲಿಗೆ ಹಿತವಾಗೇ ಇರುತ್ತೆ. ಹತ್ತು ಹೆಜ್ಜೆ ಹೋದರೆ ಸ್ವಲ್ಪ ಕಡಿದಾಗುತ್ತೆ. ಇನ್ನು ಹತ್ತು ಹೆಜ್ಜೆಗೆ ಮತ್ತಷ್ಟು. ಎಲ್ಲಿ ಮುಗಿಯುತ್ತೆ ಅನ್ನೋದು ಕಾಣಲ್ಲ. ಎದುರಿಗೆ ಬಂಡೆಯ ಅಂಚು, ಅದರಾಚೆ ದೂರದ ಮರಗಳ ತಲೆ ಅಷ್ಟೇ. ನಡುವೆ ಐದು ಮೀಟರ್ ಇದೆಯೋ ಐವತ್ತು ಇದೆಯೋ ಹೇಳೋಕೆ ಆಗಲ್ಲ.

ಭಾವ ಕೂತುಕೊಂಡು ಸ್ವಲ್ಪ ಮುಂದೆ ಜರುಗಿ ನೋಡಿದರು. ಅವರ ಅಂಗೈ ಬಂಡೆಗೆ ಒತ್ತಿಕೊಂಡಿದ್ದ ರೀತಿ ನೋಡಿಯೇ ನನಗೆ ಗೊತ್ತಾಯಿತು. ಬೆರಳುಗಳು ಬೆಳ್ಳಗಾಗಿದ್ದವು. "ಬೇಡ, ವಾಪಸ್ ಬನ್ನಿ ಭಾವ" ಎಂದೆ. ವಾಚರ್ ಅಣ್ಣನೂ ಅದನ್ನೇ ಹೇಳಿದರು. "ಕೆಳಗಿಂದ ಬಂದ್ರೆ ಯಾವ ಕಡೆ ಮಣ್ಣಿದೆ, ಯಾವ ಕಡೆ ಗಿಡ ಇದೆ ಅಂತ ಕಾಣ್ತದೆ ಸಾರ್. ಮೇಲಿಂದ ಏನೂ ಕಾಣಾಕಿಲ್ಲ." ಚಿಕ್ಕವರಿದ್ದಾಗ ಮೇಕೆ ಮೇಯಿಸಿಕೊಂಡು ಅಲ್ಲೆಲ್ಲ ಓಡಾಡಿದವರು ಅವರು. ಇನ್ನೂ ಎರಡು ಕಡೆ ಪ್ರಯತ್ನಪಟ್ಟೆವು. ಎರಡೂ ಕಡೆ ಅದೇ ಕಥೆ. ಮಧ್ಯಾಹ್ನ ಹನ್ನೆರಡೂವರೆಗೆ ಸಾಕು ಎಂದು ಬಂದ ದಾರಿಯಲ್ಲೇ ಇಳಿದೆವು.

ಮನೆಗೆ ಬಂದ ಮೇಲೆ ನಕ್ಷೆ ಹರಡಿಕೊಂಡು ಕೂತೆ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆ. ಅದರಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಎತ್ತರದ ಗೆರೆಗಳು 20 ಮೀಟರಿಗೆ ಒಂದು. ಅಂದರೆ 15 ಮೀಟರ್ ಕಡಿದಾದ ಬಂಡೆ ಎರಡು ಗೆರೆ ನಡುವೆ ಸದ್ದಿಲ್ಲದೆ ಅಡಗಿ ಕೂರಬಹುದು. ನಾನು ಆ ಗೆರೆಗಳನ್ನ ನಂಬಿ ಇಳಿಜಾರು ಸುಲಭ ಎಂದು ಲೆಕ್ಕ ಹಾಕಿದ್ದೆ. ಐದು ಮಹಡಿ ಕಟ್ಟಡದಷ್ಟು ಎತ್ತರವನ್ನ ಅದು ತೋರಿಸದೇ ಇರಬಹುದು ಅನ್ನೋದು ಹೊಳೆದಿರಲಿಲ್ಲ.

ಇನ್ನೊಂದು ವಿಷಯವೂ ನಕ್ಷೆ ನೋಡುತ್ತಾ ಸ್ಪಷ್ಟವಾಯಿತು. ಬೆಟ್ಟದ ಬೆನ್ನುಗಳು ಮರದ ಕೊಂಬೆ ಇದ್ದ ಹಾಗೆ. ಕೆಳಗಿಂದ ಮೇಲೆ ಹೋಗುವಾಗ ಎಲ್ಲ ಬೆನ್ನುಗಳೂ ಒಂದಕ್ಕೊಂದು ಸೇರಿಕೊಳ್ಳುತ್ತಾ ಹೋಗುತ್ತವೆ. ಸ್ವಲ್ಪ ಆಚೀಚೆ ಆದರೂ ಕೊನೆಗೆ ಒಂದೇ ತುದಿ. ಮೇಲಿಂದ ಇಳಿಯುವಾಗ ಪ್ರತಿ ಬೆನ್ನೂ ಕವಲೊಡೆಯುತ್ತೆ. ಮೇಲೆ ಹತ್ತು ಹೆಜ್ಜೆ ತಪ್ಪಿದರೆ ಕೆಳಗೆ ಒಂದು ಕಿಲೋಮೀಟರ್ ಆಚೆ, ಬೇರೆ ಹಳ್ಳದಲ್ಲಿ ಇರುತ್ತೀರಿ. ಹಾಗಾಗಿ ಸುತ್ತು ಹೊಡೆಯುವ ಚಾರಣದಲ್ಲಿ ದಾರಿ ಇಲ್ಲದ ಭಾಗ ಹತ್ತುವ ಕಡೆಗೆ ಬರಬೇಕು, ದಾರಿ ಇರುವ ಭಾಗ ಇಳಿಯುವ ಕಡೆಗೆ. ನಾವು ಮಾಡಿದ್ದು ಸರಿಯಾಗಿ ಇದರ ಉಲ್ಟಾ.

ಜನವರಿಯಲ್ಲಿ ಅದೇ ನಾಲ್ಕು ಜನ ಬೆಳಗ್ಗೆ 6:45ಕ್ಕೆ ವೀರಭದ್ರಸ್ವಾಮಿ ದೇವಸ್ಥಾನದ ಹತ್ತಿರದಿಂದ ಹೊರಟೆವು. ಈ ಸಲ ಮೊದಲು ಕಾಡು. ಒಬ್ಬೊಬ್ಬರಿಗೂ ನಾಲ್ಕು ಲೀಟರ್ ನೀರು, ಯಾಕಂದರೆ ಮೇಲೆ ನಂಬಿಕೊಳ್ಳುವಂಥ ನೀರಿಲ್ಲ. ಪುಳಿಯೋಗರೆ, ಕಡಲೆಬೀಜ, ಬೆಲ್ಲ, ಓಆರ್‌ಎಸ್ ಪೊಟ್ಟಣ. ದಪ್ಪ ಹತ್ತಿಯ ತುಂಬುತೋಳಿನ ಅಂಗಿ, ತೋಟದ ಕೆಲಸಕ್ಕೆ ಹಾಕುವ ಚರ್ಮದ ಕೈಗವಸು. ಸೆಂಟು ಯಾರೂ ಹಾಕಿಕೊಂಡಿರಲಿಲ್ಲ. ಬಂಡೆಗೋಡೆಗಳಲ್ಲಿ ಹೆಜ್ಜೇನು ಗೂಡು ಕಟ್ಟಿರುತ್ತೆ. ವಾಸನೆ, ಹೊಗೆ ಎರಡೂ ಅದಕ್ಕೆ ಆಗಲ್ಲ.

ಮೊದಲ ಎರಡು ಗಂಟೆ ದನದ ದಾರಿ ಸಿಕ್ಕಿತು. ಆಮೇಲೆ ಅದು ಲಂಟಾನದೊಳಗೆ ಮುಳುಗಿ ಮಾಯವಾಯಿತು.

ಲಂಟಾನದ ಬಗ್ಗೆ ಸ್ವಲ್ಪ ಹೇಳಲೇಬೇಕು. ಬ್ರಿಟಿಷರು ತೋಟದ ಚೆಂದಕ್ಕೆಂದು ತಂದ ಅಮೆರಿಕ ಖಂಡದ ಗಿಡ ಇದು. ಈಗ ನಮ್ಮ ಕಾಡುಗಳ ಹೊಟ್ಟೆ ತುಂಬಾ ಇದೇ. ದೂರದಿಂದ ಸೊಂಟದೆತ್ತರದ ಪೊದೆ ಥರ ಕಾಣುತ್ತೆ. ಒಳಗೆ ಹೋದರೆ ತಲೆಗಿಂತ ಮೇಲೆ. ಒಂದರೊಳಗೊಂದು ಹೆಣೆದುಕೊಂಡ ಕಡ್ಡಿಗಳು, ಕಡ್ಡಿ ತುಂಬ ಕೊಕ್ಕೆಯಂಥ ಸಣ್ಣ ಮುಳ್ಳು. ಮುಂದೆ ತಳ್ಳಿದರೆ ಬಾಗುತ್ತೆ, ಬಿಟ್ಟ ತಕ್ಷಣ ಹಿಂದಿನವರ ಮುಖಕ್ಕೆ ಬಡಿಯುತ್ತೆ. ಅದಕ್ಕೇ ಒಬ್ಬರಿಗೊಬ್ಬರು ಎರಡು ಮಾರು ಅಂತರ ಇಟ್ಟುಕೊಂಡೆವು. ನಡುನಡುವೆ ಕಾರೆಮುಳ್ಳು ಬೇರೆ. ಗೆಳತಿಯ ತೋಳಿಗೆ ಒಂದು ಸಿಕ್ಕಿಕೊಂಡಿತು. ಅವಳು ಎಳೆದಷ್ಟೂ ಬಟ್ಟೆಯೊಳಗೆ ಹೋಗುತ್ತಿತ್ತು. ವಾಚರ್ ಅಣ್ಣ ಅವಳನ್ನ ಒಂದು ಹೆಜ್ಜೆ ಹಿಂದಕ್ಕೆ ಬರಲು ಹೇಳಿದರು. ಮುಳ್ಳು ತಾನಾಗೇ ಕಳಚಿಕೊಂಡಿತು. ಆಮೇಲೆ ಎಲ್ಲರೂ ಅದನ್ನೇ ಮಾಡಿದೆವು. ಸಿಕ್ಕಿಕೊಂಡರೆ ಎಳೆಯೋದಲ್ಲ, ಹಿಂದೆ ಹೆಜ್ಜೆ ಇಡೋದು. ಅವರ ಕೈಯಲ್ಲಿ ಮಚ್ಚಿತ್ತು, ಆದರೆ ಲಂಟಾನ ಬಿಟ್ಟು ಬೇರೆ ಯಾವ ಗಿಡಕ್ಕೂ ಅದನ್ನ ಮುಟ್ಟಿಸಲಿಲ್ಲ.

ಆ ತುಂಡು ದಾಟಿದ ಮೇಲೆ ಫೋನಲ್ಲಿ ನೋಡಿದೆ. 200 ಮೀಟರ್. ಹಿಡಿದಿದ್ದು ಐವತ್ತು ನಿಮಿಷ!

ಬೆಟ್ಟ ನಡಿಗೆಗೆ ಒಂದು ಹಳೆಯ ಲೆಕ್ಕ ಇದೆ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬುವವರು ಹೇಳಿದ್ದು. ಗಂಟೆಗೆ ಸುಮಾರು 5 ಕಿಲೋಮೀಟರ್, ಹತ್ತುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ನಮ್ಮ ಸುತ್ತು ಫೋನಿನ ಲೆಕ್ಕದಲ್ಲಿ 9 ಕಿಲೋಮೀಟರ್, ಏರು ಸುಮಾರು 400 ಮೀಟರ್. ಆ ಲೆಕ್ಕದಲ್ಲಿ ಎರಡೂವರೆ ಗಂಟೆಗೆ ಮುಗಿಯಬೇಕು. ನಮಗೆ ಒಂಬತ್ತು ಗಂಟೆ ಹತ್ತಿರ ಬೇಕಾಯಿತು. ದಾರಿ ಇಲ್ಲದ ಕಡೆ ಕಿಲೋಮೀಟರ್ ಲೆಕ್ಕ ಹಾಕಿ ಪ್ರಯೋಜನವೇ ಇಲ್ಲ. ಗಡಿಯಾರ ನೋಡಿಕೊಂಡೇ ನಡೆಯಬೇಕು.

ಅದಕ್ಕೆ ಹೊರಡುವ ಮೊದಲೇ ಒಂದು ಗಡುವು ಇಟ್ಟುಕೊಂಡಿದ್ದೆವು. 11 ಗಂಟೆಯೊಳಗೆ ಎರಡು ಗುಡ್ಡದ ನಡುವಿನ ಸೀಳು ಸೇರದಿದ್ದರೆ ವಾಪಸ್, ಚರ್ಚೆ ಇಲ್ಲ. ಮನೆಯಲ್ಲಿ ಕೂತಾಗಲೇ ಇದನ್ನ ತೀರ್ಮಾನ ಮಾಡೋದು ಮುಖ್ಯ. ಸುತ್ತಿನ ಚಾರಣದಲ್ಲಿ ಅರ್ಧ ದಾಟಿದ ಮೇಲೆ ಮುಂದಿನ ದಾರಿ ಹಿಂದಿನದಕ್ಕಿಂತ ಹತ್ತಿರ ಅನ್ನಿಸೋಕೆ ಶುರುವಾಗುತ್ತೆ. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಅಂತ ಮುಂದೆ ಹೋಗುತ್ತಲೇ ಇರುತ್ತೇವೆ. ಹಿಂದಿನ ದಾರಿ ಗೊತ್ತಿದೆ, ಮುಂದಿನದು ಗೊತ್ತಿಲ್ಲ ಅನ್ನೋದು ಮರೆತೇ ಹೋಗುತ್ತೆ. ಜನವರಿಯಲ್ಲಿ ಆರು ಗಂಟೆ ದಾಟಿದರೆ ಬೆಳಕು ಜಾರುತ್ತೆ, ಕಾಡೊಳಗೆ ಇನ್ನೂ ಬೇಗ.

ಇನ್ನೊಂದು ಅಭ್ಯಾಸವೂ ಮಾಡಿಕೊಂಡೆವು. ಹೋದ ದಾರಿಯಲ್ಲೇ ಬರುವವರು ಗಿಡಕ್ಕೆ ಬಟ್ಟೆ ಕಟ್ಟಿ, ವಾಪಸ್ ಬರುವಾಗ ಬಿಚ್ಚಿಕೊಂಡು ಬರಬಹುದು. ಸುತ್ತಿ ಬರುವವರು ಕಟ್ಟಿದ್ದನ್ನ ಬಿಚ್ಚೋಕೆ ಮತ್ತೆ ಆ ಕಡೆ ಹೋಗಲ್ಲ. ಕಾಡಲ್ಲಿ ಕಸ ಬಿಡೋಕೆ ಮನಸ್ಸಿರಲಿಲ್ಲ. ಅದಕ್ಕೆ ಹತ್ತು ನಿಮಿಷಕ್ಕೊಮ್ಮೆ ನಿಂತು, ಹಿಂದಕ್ಕೆ ತಿರುಗಿ ಒಂದು ಫೋಟೋ ತೆಗೆಯುತ್ತಿದ್ದೆ. ಹೋಗುವಾಗ ಕಂಡ ಕಾಡೇ ಬೇರೆ, ವಾಪಸ್ ಬರುವಾಗ ಕಾಣುವ ಕಾಡೇ ಬೇರೆ. ತಿರುಗಿ ನೋಡಿದವರಿಗೆ ಮಾತ್ರ ಅದು ಗುರುತು ಸಿಗುತ್ತೆ.

ಸೀಳಿಗೆ ಬಂದಾಗ 10:35. ಎರಡೂ ಕಡೆ ಬಂಡೆಗೋಡೆ, ನಡುವೆ ತಂಪು ನೆರಳು, ತರಗೆಲೆ ಮೊಣಕಾಲು ಮಟ್ಟ. ಇಲ್ಲಿ ಫೋನ್ ಕೈಕೊಟ್ಟಿತು. ನೀಲಿ ಚುಕ್ಕೆ ನಮ್ಮನ್ನ ಒಂದು ಸಲ ಬಂಡೆಯ ಆಚೆ, ಇನ್ನೊಂದು ಸಲ ಬಿಳಿಗುಡ್ಡದ ಮೇಲೆ ತೋರಿಸಿತು. ಕಲ್ಲಿನ ಗೋಡೆ ಆಕಾಶ ಮುಚ್ಚಿದಾಗ, ಉಪಗ್ರಹದ ಸಂಕೇತ ಕಲ್ಲಿಗೆ ಬಡಿದು ತಿರುಗಿ ಬಂದಾಗ ಹೀಗಾಗುತ್ತೆ. ನಕ್ಷೆ, ದಿಕ್ಸೂಚಿ ಎರಡನ್ನೂ ಹೊರಗೆ ತೆಗೆದೆವು.

ಇದೇ ಸೀಳು, ಇದೇ ಕಾಡನ್ನ ನಂಬಿಕೊಂಡು ಕಟ್ಟಿದ ಕೋಟೆ ಇದು. 1791ರ ಡಿಸೆಂಬರ್‌ನಲ್ಲಿ ಟಿಪ್ಪುವಿನ ಕೈಯಿಂದ ಇದನ್ನ ಕಿತ್ತುಕೊಳ್ಳಲು ಬಂದ ಬ್ರಿಟಿಷರ ಕಾರ್ನ್‌ವಾಲಿಸ್‌ನ ಸೇನೆ, ಫಿರಂಗಿ ಎಳೆಯೋಕೆ ಮೊದಲು ಕಾಡು ಕಡಿದು ದಾರಿ ಮಾಡಬೇಕಾಯಿತು. ಐವತ್ತು ನಿಮಿಷ ಮುಳ್ಳಿನಲ್ಲಿ ಕಳೆದು ಬಂದು ಅಲ್ಲಿ ನಿಂತಾಗ ಆ ಕೆಲಸ ಎಂಥದ್ದಿರಬೇಕು ಅನ್ನೋದು ಮೈಗೆ ಗೊತ್ತಾಯಿತು.

ವಾಚರ್ ಅಣ್ಣ ಇಲ್ಲಿಂದ ಮುಂದೆ ಕೋಲಿನಿಂದ ಬಂಡೆಗೆ ಕುಟ್ಟುತ್ತಾ ನಡೆದರು. ಸಾವನದುರ್ಗದಲ್ಲಿ ಕರಡಿ ಇವೆ. ಹಗಲು ಕಲ್ಲಿನ ಪೊಟರೆಗಳಲ್ಲಿ ಮಲಗಿರುತ್ತವೆ. ಸದ್ದಿಲ್ಲದೆ ಹೋಗಿ ಅದರ ಎದುರಿಗೆ ನಿಂತರೆ ಗಾಬರಿಯಿಂದ ಮೇಲೆ ಬೀಳುತ್ತೆ. ಮೊದಲೇ ಸದ್ದು ಕೇಳಿದರೆ ಸಾಮಾನ್ಯವಾಗಿ ತಾನೇ ಸರಿದುಕೊಳ್ಳುತ್ತೆ. ಒಂದು ಕಡೆ ಗೆದ್ದಲು ತಿನ್ನೋಕೆ ಕರಡಿ ಕೆದಕಿ ಹಾಕಿದಂಥ ಹುತ್ತ ಇತ್ತು, ಮಣ್ಣು ಇನ್ನೂ ಹಸಿ. ಅಲ್ಲಿಂದ ಪೊಟರೆ ಇರುವ ಬದಿ ಬಿಟ್ಟು ದೂರವಾಗಿ ಸುತ್ತಿಕೊಂಡು ಹೋದೆವು. ಇಪ್ಪತ್ತು ನಿಮಿಷ ಜಾಸ್ತಿ ಆಯಿತು. ಯಾರೂ ಬೇಡ ಅನ್ನಲಿಲ್ಲ.

ಮೇಲಿನ ಭಾಗದಲ್ಲಿ ಅಣ್ಣ ಡಿಸೆಂಬರ್‌ನಲ್ಲಿ ಹೇಳಿದ್ದ ಮಾತು ಕಣ್ಣೆದುರೇ ಬಂತು. ಕೆಳಗಿಂದ ನೋಡಿದರೆ ಬಂಡೆಯ ಇಡೀ ಮೈ ಕಾಣುತ್ತೆ. ಎಲ್ಲಿ ಮಣ್ಣು ನಿಂತಿದೆ, ಎಲ್ಲಿ ಹುಲ್ಲು ಸಾಲಾಗಿ ಮೇಲೆ ಹೋಗಿದೆ, ಎಲ್ಲಿ ನೀರು ಹರಿದು ಕಪ್ಪು ಪಟ್ಟೆ ಆಗಿದೆ, ಎಲ್ಲವೂ. ಆ ಕಪ್ಪು ಪಟ್ಟೆಗಳ ಮೇಲೆ ಒಣಗಿದ್ದರೂ ನಾವು ಕಾಲಿಡಲಿಲ್ಲ. ಸ್ವಲ್ಪ ತೇವ ಸಿಕ್ಕರೂ ಪಾಚಿ ಜಾರುತ್ತೆ. ಹುಲ್ಲಿನ ಸಾಲು ಹಿಡಿದು, ಪಾದವನ್ನ ಪೂರ್ತಿ ಬಂಡೆಗೆ ಊರಿ ಹತ್ತಿದೆವು. ಒಂದು ಜಾಗದಲ್ಲಿ ತಪ್ಪು ಸಾಲು ಹಿಡಿದಿದ್ದೆವು. ಆದರೆ ಮೂವತ್ತು ಹೆಜ್ಜೆ ಮೇಲೆ ಅದು ಸರಿಯಾದ ಸಾಲಿಗೇ ಬಂದು ಸೇರಿಕೊಂಡಿತು.

ದಾರಿಯಲ್ಲಿ ಭಾವ ನಿಂತು ಮೇಲೆ ಕೈ ತೋರಿಸಿದರು. ಡಿಸೆಂಬರ್‌ನಲ್ಲಿ ಅವರು ಕೂತು ಜರುಗಿದ್ದ ಅಂಚು ಅಲ್ಲಿ ಕಾಣುತ್ತಿತ್ತು. ಅದರ ಕೆಳಗೆ ನೇರ ಗೋಡೆ. ಗೋಡೆಯಲ್ಲಿ ಮೂರು ಹೆಜ್ಜೇನು ಗೂಡು ನೇತಾಡುತ್ತಿದ್ದವು. ಯಾರೂ ಜೋರಾಗಿ ಮಾತಾಡಲಿಲ್ಲ.

1:10ಕ್ಕೆ ನಂದಿ ಹತ್ತಿರ ಬಂದೆವು. 1226 ಮೀಟರ್ ಎತ್ತರದ ಗಾಳಿಯಲ್ಲಿ ಪುಳಿಯೋಗರೆ ತಿಂದು, ಒಬ್ಬರ ಕೈಯಿಂದ ಒಬ್ಬರು ಮುಳ್ಳು ಕಿತ್ತು, ಕಾಲಲ್ಲಿ ಉಣ್ಣಿ ಕಚ್ಚಿದೆಯಾ ನೋಡಿಕೊಂಡೆವು. ಎರಡು ಗಂಟೆಗೆ ಬಾಣದ ಗುರುತು ಹಿಡಿದು ಇಳಿಯಲು ಶುರು ಮಾಡಿದೆವು. ಕಾಲು ಸೋತಿದ್ದವು, ತಲೆ ಕೂಡ ದಣಿದಿತ್ತು. ಆ ಸ್ಥಿತಿಯಲ್ಲಿ ಎದುರಿಗೆ ಗೊತ್ತಿರುವ ದಾರಿ ಇದ್ದದ್ದು ಎಷ್ಟು ನೆಮ್ಮದಿ ಅನ್ನೋದು ಇಳಿದವರಿಗೇ ಗೊತ್ತು.

ಹಳೇ ಕೋಟೆ ಗೋಡೆ ಹತ್ತಿರ ಐದಾರು ಹುಡುಗರು ಮೇಲೆ ಬರುತ್ತಿದ್ದರು. ನಮ್ಮ ಬಟ್ಟೆ ನೋಡಿ ಒಬ್ಬ ಕೇಳಿದ, "ಅಣ್ಣಾ, ಹಿಂದಗಡೆಯಿಂದ ಇಳಿಯೋಕೆ ದಾರಿ ಇದ್ಯಾ?" ನಾನು ಫೋನ್ ತೆಗೆದು ಆ ಗೋಡೆಯ ಫೋಟೋ ತೋರಿಸಿದೆ, ಕೆಳಗಿಂದ ತೆಗೆದದ್ದು. ಹುಡುಗರು ಫೋನನ್ನ ಒಬ್ಬರಿಂದ ಒಬ್ಬರು ಇಸಕೊಂಡು ನೋಡಿದರು. ಅನುಮತಿ, ವಾಚರ್, ಬೆಳಗ್ಗೆ ಆರೂಮುಕ್ಕಾಲು, ಎಲ್ಲ ಹೇಳಿದೆ. ನಂದಿ ನೋಡಿಕೊಂಡು ಇದೇ ದಾರಿಯಲ್ಲಿ ಇಳಿತೀವಿ ಎಂದರು. ನಾವು ಕೆಳಗೆ ಸೌತೆಕಾಯಿ ಗಾಡಿ ಹತ್ತಿರ ಬಹಳ ಹೊತ್ತು ಕೂತಿದ್ದೆವು. ಐದು ಗಂಟೆ ಸುಮಾರಿಗೆ ಅವರು ಇಳಿದು ಬಂದರು. ಆಮೇಲೆ ನಾವೂ ಗಾಡಿ ಹತ್ತಿದೆವು.